ಬಿಲ್ಲಿಂಗ್ ಕೌಂಟರ್ ಮತ್ತು ಮಗುವಿನ ಕಣ್ಣು

ಸೂಪರ್ ಮಾರ್ಕೆಟ್‌ನಲ್ಲಿ ಅಕ್ಕಿ, ಬೇಳೆ, ಎಣ್ಣೆಯನ್ನು ನಾವು ಹುಡುಕಿಕೊಂಡು ಹೋಗಬೇಕು. ಚಾಕಲೇಟು ಮಾತ್ರ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಹಣ ಪಾವತಿಸುವ ಸಾಲಿನ ಪಕ್ಕದಲ್ಲೇ, ಪುಟ್ಟ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಅದು ಕಾದಿರುತ್ತದೆ. ಇದು ಆಕಸ್ಮಿಕವಲ್ಲ. ಆ ಸಾಲನ್ನು ದಾಟದೆ ಯಾವ ಗ್ರಾಹಕನೂ ಹೊರಹೋಗಲಾರ; ಕಾಯುವವನ ಕಣ್ಣು ಸುಮ್ಮನಿರದು ಎಂಬುದು ವ್ಯಾಪಾರಿಗೆ ಗೊತ್ತು.

ನನ್ನನ್ನು ಕಾಡುವುದು ಸಕ್ಕರೆಯೊಂದೇ ಅಲ್ಲ. ಎಣಿಸಿ ತಂದ ಹಣ ಹಿಡಿದು ನಿಂತ ಬಡ ತಂದೆ, ಹಠ ಹಿಡಿದು ಅಳುವ ಮಗು, ಹಿಂದಿನಿಂದ ನೋಡುವ ಜನ. ಕೊನೆಗೆ ಮಾನ ಉಳಿಸಿಕೊಳ್ಳಲೆಂದೇ ಆತ ಸಿಹಿಯನ್ನು ಕೊಳ್ಳುತ್ತಾನೆ.

ಇಂಗ್ಲೆಂಡಿನ ದೊಡ್ಡ ಅಂಗಡಿಗಳು ಅತಿಯಾದ ಸಕ್ಕರೆ, ಉಪ್ಪು, ಕೊಬ್ಬಿನ ತಿನಿಸುಗಳನ್ನು ಕೌಂಟರಿನ ಬಳಿ ಇಡುವುದನ್ನು 2022ರ ಅಕ್ಟೋಬರ್‌ನಿಂದ ಕಾನೂನು ನಿರ್ಬಂಧಿಸಿದೆ. ಅಮೆರಿಕದ ಬರ್ಕ್ಲಿ ನಗರವು 2020ರಲ್ಲೇ ಇಂತಹ ನಿಯಮವನ್ನು ರೂಪಿಸಿತು.

ಸತ್ಯವಿಶ್ವಾಸಿಗಳು ಕಾನೂನಿಗಾಗಿ ಕಾಯಬೇಕಿಲ್ಲ. ದುಂದುವೆಚ್ಚವೂ ಅಲ್ಲದ, ಜಿಪುಣತನವೂ ಅಲ್ಲದ ಮಧ್ಯಮ ಮಾರ್ಗವನ್ನು ಪವಿತ್ರ ಕುರ್‌ಆನಿನ ಅಲ್‌ಫುರ್ಕಾನ್ ಅಧ್ಯಾಯವು ಪರಮ ದಯಾಮಯನ ದಾಸರ ಗುಣವೆಂದು ತಿಳಿಸಿದೆ. ಮನೆಯಲ್ಲೇ ಪಟ್ಟಿ ಬರೆಯೋಣ. ಮಗುವಿಗೆ ಸಿಹಿ ಕೊಡಿಸುವುದಿದ್ದರೆ ಅದನ್ನೂ ಮಗುವಿನ ಎದುರೇ ಸೇರಿಸೋಣ. ನಮ್ಮಲ್ಲಿ ಅಂಗಡಿ ನಡೆಸುವ ಸಹೋದರರು ಅನೇಕರಿದ್ದಾರೆ. ಅವರು ಆ ಡಬ್ಬಗಳನ್ನು ಒಳಗಿನ ಕಪಾಟಿಗೆ ಸರಿಸಲಿ. ಬೇಕಾದವರು ಹುಡುಕಿಕೊಂಡು ಬಂದೇ ಬರುತ್ತಾರೆ. ಕೈತಪ್ಪುವ ಕೆಲವು ರೂಪಾಯಿಗಳಿಗೆ ಬದಲಾಗಿ ಬರಕತ್ ನೀಡುವವನು ಅಲ್ಲಾಹನು.