ಹಾರ್ನ್ ಹೊಡೆಯದ ವ್ಯಾನು

ಹಿಂದೆ ಒಂದು ಗಾಡಿ ಬರ್ತಾ ಇದೆ ಅಂತ ಗೊತ್ತಾಯ್ತು. ಆದರೆ ಹಾರ್ನ್ ಇಲ್ಲ. ಬೆಂಗಳೂರಲ್ಲಿ ಹತ್ತು ವರ್ಷ ಬೈಕ್ ಓಡಿಸಿದವನಿಗೆ ಇದಕ್ಕಿಂತ ಭಯದ ವಿಷಯ ಇನ್ನೊಂದಿಲ್ಲ. ಹಾರ್ನ್ ಹೊಡೆಯದೆ ಹಿಂದೆ ಬರೋನು ಒಂದೋ ಕುಡಿದಿರಬೇಕು, ಇಲ್ಲಾ ಜಗಳಕ್ಕೇ ಬಂದಿರಬೇಕು. ತಿರುಗಿ ನೋಡಿದರೆ ಅಂಚೆಯವರ ಹಳದಿ ವ್ಯಾನು. ಏರು ರಸ್ತೆಯಲ್ಲಿ ನಾನು ಏದುಸಿರು ಬಿಡ್ತಾ ತುಳೀತಿದ್ದರೆ ಅದೂ ನನ್ನದೇ ವೇಗದಲ್ಲಿ ಆರಾಮಾಗಿ ಬರ್ತಿತ್ತು. ಗಾಬರಿಯಾಗಿ ಸೈಕಲ್ಲನ್ನು ಪಕ್ಕದ ಹುಲ್ಲಿಗೆ ಇಳಿಸಿದೆ, ಆಯ ತಪ್ಪಿತು, ಒಂದು ಕಾಲು ಸೀದಾ ಚರಂಡಿಗೆ. ವ್ಯಾನು ನಿಂತಿತು. ಡ್ರೈವರ್ ಕಿಟಕಿ ಇಳಿಸಿ ನೋಡಿದ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಆಶ್ಚರ್ಯ. ಇಷ್ಟು ಹೊತ್ತು ಅವನು ಕಾಯ್ತಾ ಇದ್ದ, ಅಷ್ಟೇ. ಊರಿನ ಹೊರಗೆ ಸೈಕಲ್ ದಾಟಬೇಕಾದರೆ ಒಂದೂವರೆ ಮೀಟರ್ ಅಂತರ ಬಿಡಬೇಕು ಅನ್ನೋದು ಫ್ರಾನ್ಸಿನ ಕಾನೂನು. ಆ ರಸ್ತೆಯಲ್ಲಿ ಅಷ್ಟು ಜಾಗ ಇರಲಿಲ್ಲ. ಜಾಗ ಸಿಗೋವರೆಗೆ ಅವನು ಹಿಂದೆ ಬರ್ತಿದ್ದ.

ಆವತ್ತು ಬೆಳಿಗ್ಗೆಯಿಂದ ಮೂರು ಗಂಟೆ ಸೈಕಲ್ ತುಳಿದಿದ್ದೆ. ಸಿಕ್ಕ ಗಾಡಿಗಳು ಒಟ್ಟು ನಾಲ್ಕು. ಎರಡು ಟ್ರ್ಯಾಕ್ಟರ್, ಒಂದು ಕಾರು, ಮತ್ತೆ ಈ ವ್ಯಾನು.

ಆಫೀಸ್ ಕೆಲಸದ ಮೇಲೆ ಮೂರು ತಿಂಗಳು ಲಿಯೋನ್ ನಗರದಲ್ಲಿದ್ದೆ. ಬೆಂಗಳೂರಲ್ಲಿ ಸೈಕಲ್ ಹುಚ್ಚಿರೋ ನಮ್ಮಂಥವರ ಕಥೆ ನಿಮಗೆ ಗೊತ್ತೇ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಕತ್ತಲಲ್ಲಿ ನಂದಿಬೆಟ್ಟದ ಕಡೆ ಹೊರಟು, ಲಾರಿಗಳು ಏಳೋದ್ರೊಳಗೆ ಮನೆ ಸೇರ್ಕೋಬೇಕು. ಹಾಗಾಗಿ ಜೂನ್‌ನಲ್ಲಿ ಒಂದು ಶುಕ್ರವಾರ ರಜೆ ಹಾಕಿ, ಬಾಡಿಗೆ ಸೈಕಲ್ಲನ್ನು ರೈಲಿಗೆ ಹತ್ತಿಸಿ ಬರ್ಗಂಡಿಯ ಶಾಲೋನ್‌ನಲ್ಲಿ ಇಳಿದೆ.

ಮೊದಲ ದಿನದ ದಾರಿ ಸುಲಭದ್ದು. ಜಿವ್ರಿ ಅನ್ನೋ ಊರಿಂದ ಕ್ಲುನಿವರೆಗೆ 44 ಕಿ.ಮೀ. ಹಳೇ ರೈಲು ಹಾದಿ. ರೈಲು ನಿಂತ ಮೇಲೆ ಹಳಿ ಕಿತ್ತು, ಡಾಂಬರು ಹಾಕಿ, 1997ರಲ್ಲಿ ಸೈಕಲ್‌ಗೆ, ನಡೆಯೋರಿಗೆ ಬಿಟ್ಟುಕೊಟ್ಟರು. ಇಂಥ ದಾರಿಗೆ ಅಲ್ಲಿ 'ವ್ವಾ ವೆರ್ತ್' ಅಂತಾರೆ, ಅಂದರೆ ಹಸಿರು ದಾರಿ. ಇವತ್ತು ದೇಶದ ತುಂಬ ಇಂಥವಿವೆ, ಮೊದಲನೆಯದು ಇದೇ. ರೈಲಿಗೆ ಕಡಿದಾದ ಏರು ಆಗಿಬರೋದಿಲ್ಲ ನೋಡಿ, ಅದಕ್ಕೆ ದಾರಿಯೂ ಎಲ್ಲೂ ಜೋರಾಗಿ ಏರೋದಿಲ್ಲ. ಗುಡ್ಡಗಾಡಿನ ನಡುವೆಯೂ ಹೊಟ್ಟೆ ಬಂದ ಸಾಫ್ಟ್‌ವೇರ್ ಎಂಜಿನಿಯರ್ ಆರಾಮಾಗಿ ತುಳೀಬಹುದು. ಪಕ್ಕದಲ್ಲಿ ದ್ರಾಕ್ಷಿ ತೋಟ, ಬಿಳೀ ಶಾರೊಲೇ ದನಗಳು. ಅಪ್ಪ ಅಮ್ಮನ ಹಿಂದೆ ಪುಟ್ಟ ಸೈಕಲ್ಲಲ್ಲಿ ಮಕ್ಕಳು.

ನಮ್ಮ ಕಡೆ ತಾಳಗುಪ್ಪದ ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಗಿ ಉಳ್ಕೊಂಡಿತು, ಇಲ್ಲಿ ಹಳಿ ಹೋಗಿ ಸೈಕಲ್ ಬಂತು. ಎಷ್ಟು ಚಂದ ಅಂದ್ಕೊಂಡೆ. ಆ ರೈಲು ಹತ್ತುತ್ತಿದ್ದವರು ಎಲ್ಲಿಗೆ ಹೋದರು ಅನ್ನೋ ಪ್ರಶ್ನೆ ಆವತ್ತು ಹೊಳೆಯಲಿಲ್ಲ.

ರಾತ್ರಿ ಕ್ಲುನಿಯಲ್ಲಿ ಉಳಿದೆ. 910ರಲ್ಲಿ ಅಲ್ಲೊಂದು ಮಠ ಶುರುವಾಯ್ತು. ರೋಮಿನ ಸೇಂಟ್ ಪೀಟರ್ಸ್ ಕಟ್ಟೋವರೆಗೂ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚು ಇದ್ದದ್ದು ಇಲ್ಲೇ. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಕಲ್ಲಿನ ಲೆಕ್ಕಕ್ಕೆ ಮಾರಿದರು. ಈಗ ಉಳಿದಿರೋದು ಒಂದು ಚೂರು.

ಎರಡನೇ ದಿನ ಹಸಿರು ದಾರಿ ಬಿಟ್ಟು ಪಶ್ಚಿಮಕ್ಕೆ ಹೊರಟೆ. ಇದಕ್ಕೊಂದು ಉಪಾಯ ಇದೆ, ಯಾರಾದರೂ ಹೋಗೋದಾದರೆ ನೆನಪಿಟ್ಟುಕೊಳ್ಳಿ. ಮಿಶೆಲಿನ್ ಕಂಪನಿಯ ಕಾಗದದ ಮ್ಯಾಪಲ್ಲಿ ಕೆಂಪು ರಸ್ತೆ ಅಂದರೆ ದೊಡ್ಡದು, ಹಳದಿ ಅಂದರೆ ನಡುವಿನದು, ಬಿಳಿ ಅಂದರೆ ಊರಿಂದ ಊರಿಗೆ ಹೋಗೋ ಚಿಕ್ಕ ದಾರಿ. ಪಕ್ಕದಲ್ಲಿ ಹಸಿರು ಗೆರೆ ಇದ್ದರೆ ನೋಡೋಕೆ ಚಂದ. ಬಿಳೀ ದಾರಿ ಹಿಡೀಬೇಕು, ಅಷ್ಟೇ. ಅಲ್ಲಿ ಸೈಕಲ್‌ಗೇ ಅಂತ ಯಾವ ವ್ಯವಸ್ಥೆಯೂ ಇಲ್ಲ, ಬೇಕಾಗೂ ಇಲ್ಲ. ಗಾಡಿಗಳೇ ಇಲ್ಲ. ಕೆಲವು ಕಡೆ ಡಾಂಬರಿನ ನಡುವೆ ಹುಲ್ಲು ಬೆಳೆದಿರುತ್ತೆ.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಇರೋಕಾಗಲ್ಲ. ಯುರೋಪಿನೊಳಗಿನ ಫ್ರಾನ್ಸಿನ ಜನಸಂಖ್ಯೆ ಆರೂವರೆ ಕೋಟಿ ಆಸುಪಾಸು. ಕರ್ನಾಟಕದ್ದು 2011ರ ಜನಗಣತಿಯಲ್ಲೇ 6.1 ಕೋಟಿ. ಆದರೆ ನಮ್ಮದು 1.92 ಲಕ್ಷ ಚದರ ಕಿ.ಮೀ., ಅವರದು ಸುಮಾರು 5.5 ಲಕ್ಷ. ಅದರ ಮೇಲೆ ಜನವೆಲ್ಲ ನಗರಗಳಿಗೆ ಸೇರಿಕೊಂಡಿದ್ದಾರೆ, ಲಾರಿಗಳೆಲ್ಲ ಹೆದ್ದಾರಿಗೆ. ಉಳಿದದ್ದು ಸುಮಾರು 35 ಸಾವಿರ ಕಮ್ಯೂನ್‌ಗಳು, ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ, ಮತ್ತು ಅವುಗಳನ್ನು ಜೋಡಿಸೋ ಲಕ್ಷಾಂತರ ಕಿಲೋಮೀಟರ್ ಸಣ್ಣ ರಸ್ತೆ. ದೇಶದ ಈಶಾನ್ಯ ಮೂಲೆಯಿಂದ ನೈಋತ್ಯಕ್ಕೆ ಹೋಗೋ ಒಂದು ಪಟ್ಟಿಯಲ್ಲಿ ಜನ ತೀರಾ ಕಮ್ಮಿ. ಭೂಗೋಳದವರು ಅದಕ್ಕೆ 'ಖಾಲಿ ಕರ್ಣರೇಖೆ' ಅಂತಲೇ ಹೆಸರಿಟ್ಟಿದ್ದಾರೆ. ಬರ್ಗಂಡಿಯ ಒಂದಷ್ಟು ಭಾಗವೂ ಅದರೊಳಗೆ ಬರುತ್ತೆ.

ಚರಂಡಿ ಪ್ರಸಂಗ ಆಗಿ ಅರ್ಧ ಗಂಟೆಗೆ ಒಂದು ಊರು ಸಿಕ್ಕಿತು. ಇಪ್ಪತ್ತು ಮನೆ ಇದ್ದರೆ ಹೆಚ್ಚು. ನೀರಿನ ಬಾಟಲಿ ಖಾಲಿ. ಅಂಗಡಿ ಇಲ್ಲ. 'ಕೆಫೆ' ಅಂತ ಬರೆದಿದ್ದ ಒಂದು ಗೋಡೆ ಇತ್ತು, ಅಕ್ಷರ ಮಾಸಿತ್ತು, ಬಾಗಿಲಿಗೆ ಬಳ್ಳಿ ಹಬ್ಬಿತ್ತು. ಚರ್ಚಿನ ಎದುರು ಯುದ್ಧ ಸ್ಮಾರಕದ ಕಲ್ಲು. ಬಹುತೇಕ ಪ್ರತಿ ಊರಲ್ಲೂ ಇದು ಇರುತ್ತೆ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸ್ ಕಳಕೊಂಡ ಸೈನಿಕರು 13 ಲಕ್ಷಕ್ಕೂ ಹೆಚ್ಚು. ಬೇರೇನೂ ಕೆಲಸ ಇಲ್ಲದೆ ಹೆಸರು ಎಣಿಸಿದೆ. ಹದಿನೇಳು. ಅದರಲ್ಲಿ ನಾಲ್ಕು ಒಂದೇ ಮನೆತನದ್ದು. ಇಪ್ಪತ್ತು ಮನೆಯ ಊರಲ್ಲಿ ಹದಿನೇಳು ಹುಡುಗರು. ಆಗ ಮನೆಗಳು ಇನ್ನೂ ಜಾಸ್ತಿ ಇದ್ದವೇನೋ.

ಒಂದು ಬಾಗಿಲು ತೆಗೀತು. ಎಂಬತ್ತರ ಮೇಲಿನ ಅಜ್ಜಿ. ಬಾಟಲಿ ತೋರಿಸಿದೆ. ಅವರು ಬೆಟ್ಟು ಮಾಡಿದ್ದು ಸ್ಮಶಾನದ ಕಡೆ! ಆಮೇಲೆ ಗೊತ್ತಾಯ್ತು, ಅಲ್ಲಿ ಸೈಕಲ್ ಹೊಡೆಯೋರಿಗೆಲ್ಲ ಇದು ಗೊತ್ತಿರೋ ಗುಟ್ಟು. ಸಮಾಧಿ ಮೇಲಿನ ಹೂಗಿಡಕ್ಕೆ ಹಾಕೋಕೆ ಅಂತ ಸ್ಮಶಾನದಲ್ಲಿ ನಲ್ಲಿ ಇಟ್ಟಿರ್ತಾರೆ. ಕುಡಿಯೋಕೆ ಯೋಗ್ಯವಲ್ಲ ಅಂತ ಬೋರ್ಡ್ ಇಲ್ಲದಿದ್ದರೆ ಬಾಟಲಿ ತುಂಬಿಸ್ಕೋಬಹುದು.

ವಾಪಸ್ ಬರುವಾಗ ಅಜ್ಜಿ ಅಲ್ಲೇ ನಿಂತಿದ್ದರು. ನನ್ನ ಮುರುಕು ಫ್ರೆಂಚಲ್ಲಿ, ಭಾರತದವನು, ಲಿಯೋನ್‌ನಲ್ಲಿ ಕೆಲಸ ಅಂದೆ. ಮಗನೂ ಲಿಯೋನ್‌ನಲ್ಲೇ ಇರೋದಂತೆ. ಮಾತು ಮುಂದುವರಿಸೋಕೆ ಗೊತ್ತಿದ್ದ ಇನ್ನೊಂದು ವಾಕ್ಯ ಹೇಳಿದೆ. "ನಿಮ್ಮೂರು ಚೆನ್ನಾಗಿದೆ. ಎಷ್ಟು ಪ್ರಶಾಂತ."

"ತ್ರೋ ಕಾಲ್ಮ್," ಅಂದರು ಅಜ್ಜಿ. ಅಂದರೆ, ವಿಪರೀತ ಪ್ರಶಾಂತ.

ಶಾಲೆ ಮುಚ್ಚಿ ತುಂಬ ವರ್ಷ ಆಯ್ತಂತೆ. ಬೇಕರಿಯೂ ಹೋಯ್ತಂತೆ. ಮಗ ವರ್ಷಕ್ಕೆ ಮೂರು ನಾಲ್ಕು ಸಲ ಬರ್ತಾನಂತೆ. ಕಾರಲ್ಲಿ ಒಂದೂವರೆ ಗಂಟೆ ದಾರಿ. ನೀನು ಎಷ್ಟು ಸಲ ಊರಿಗೆ ಹೋಗ್ತೀಯ ಅಂತ ಅವರು ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೇದಾಯ್ತು.

ಕ್ಲುನಿಗೆ ವಾಪಸ್ ಬಂದಾಗ ಸಂಜೆ ನಾಲ್ಕು. ನಮ್ಮಲ್ಲಿ ಏಳೂವರೆ, ಅಪ್ಪ ವಾರ್ತೆ ನೋಡೋ ಹೊತ್ತು. ಫೋನ್ ಮಾಡಿದೆ.

"ಎಂತ ಮಾರಾಯ, ಸ್ಮಶಾನದ ನೀರು ಕುಡಿದ್ಯ? ಅಮ್ಮನ ಹತ್ರ ಹೇಳಡ, ಬಂದ ತಕ್ಷಣ ತಲೆ ಮೇಲೆ ನೀರು ಹೊಯ್ತಾಳೆ."

ರಸ್ತೆಯ ಬಗ್ಗೆ ಹೇಳಿದೆ. ಮೂರು ಗಂಟೆಗೆ ನಾಲ್ಕೇ ಗಾಡಿ ಅಪ್ಪ, ಹಕ್ಕಿ ಸದ್ದು ಬಿಟ್ಟರೆ ಏನೂ ಇಲ್ಲ ಅಂದೆ.

"ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೂ ಅಷ್ಟೇ. ಬೆಳಗಿನ ಬಸ್ಸು ನಿಲ್ಸಿದಾರೆ. ಹತ್ತೋರೇ ಇಲ್ಲ, ಯಾಕೆ ಬಿಡ್ತಾರೆ?" ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಈಗ ರಸ್ತೆಲಿ ಬೈಕಿನ ಸದ್ದು ಕೇಳಿದ್ರೆ ನಾಯಿಗಿಂತ ಮುಂಚೆ ನಾನೇ ಜಗಲಿಗೆ ಬರ್ತೀನಿ. ಯಾರದ್ದು ಅಂತ ನೋಡ್ಲಿಕ್ಕೆ."

ನಮ್ಮೂರಿನ ಆ ಮಣ್ಣು ರಸ್ತೆಯಲ್ಲೇ ನಾನು ಅಪ್ಪನ ದೊಡ್ಡ ಸೈಕಲ್ಲಿನ ಒಳಪೆಡಲ್ ತುಳಿದು ಕಲಿತದ್ದು. ಆಗ ಎಂಟು ಹತ್ತು ಹುಡುಗರಿದ್ದೆವು. ಈಗ ಬೆಂಗಳೂರು, ಪುಣೆ, ಡಲ್ಲಾಸ್. ಊರಲ್ಲಿ ಉಳಿದವನು ಒಬ್ಬ. ರಸ್ತೆಗೆ ಈಗ ಡಾಂಬರು ಬಂದಿದೆ, ಓಡಾಡೋರು ಹೋಗಿದ್ದಾರೆ.

ಭಾನುವಾರ ಮಾಕೋನ್ ಕಡೆ ಹೊರಟೆ. ದಾರಿಯಲ್ಲಿ ಬ್ವಾ ಕ್ಲೇರ್ ಅನ್ನೋ ಹಳೇ ರೈಲು ಸುರಂಗ, 1.6 ಕಿ.ಮೀ. ಉದ್ದ. ಬಾವಲಿಗಳು ನಿದ್ದೆ ಮಾಡ್ತವೆ ಅಂತ ಚಳಿಗಾಲದಲ್ಲಿ ಅದನ್ನು ಮುಚ್ಚಿಬಿಡ್ತಾರೆ. ಹೊರಗೆ ಬಿಸಿಲು, ಒಳಗೆ ಫ್ರಿಜ್ ತೆರೆದಂಥ ತಂಪು. ಕೇಳೋದು ನನ್ನ ಚೈನಿನ ಸದ್ದು ಮಾತ್ರ. ಬಾವಲಿಗೂ ಮರ್ಯಾದೆ ಕೊಡೋ ದೇಶ ಅಂತ ಹೊಗಳಬೇಕು ಅನ್ನಿಸಿತು. ಹೊಗಳೋದು ಸುಳ್ಳಲ್ಲ. ಹಳೇ ಹಾದಿಯನ್ನು ಮಾರಿಕೊಳ್ಳದೆ ಉಳಿಸಿಕೊಂಡಿದ್ದಾರೆ, ಸೈಕಲ್‌ನವನಿಗೆ ಒಂದೂವರೆ ಮೀಟರ್ ಕೊಟ್ಟಿದ್ದಾರೆ. ಇವೆರಡನ್ನು ನಾವು ಕಲೀಬೇಕು. ಆದರೆ ಆ ಬಿಳೀ ರಸ್ತೆಗಳ ಮೌನವನ್ನು ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ. ಜನ ಬಿಟ್ಟು ಹೋದ ಮೇಲೆ ಉಳಿದದ್ದು ಅದು. ನಾನು ಅದನ್ನು ರಜೆ ಹಾಕಿ, ಬಾಡಿಗೆ ಕೊಟ್ಟು ಅನುಭವಿಸಿ ಬಂದೆ. ಅಜ್ಜಿ ಅದರಲ್ಲೇ ಇದ್ದಾರೆ.

ಹಾಗಂತ ಕೆಲಸ ಬಿಟ್ಟು ಊರಿಗೆ ಹೋದೆ ಅಂತ ಬರೆದು ನಿಮ್ಮ ಕೈಲಿ ಚಪ್ಪಾಳೆ ಹೊಡೆಸ್ಕೊಳ್ಳಲ್ಲ. ಹೋಗಿಲ್ಲ. ಮನೆ ಸಾಲ ಇದೆ, ಮಗಳ ಸ್ಕೂಲಿದೆ. ವರ್ಷಕ್ಕೆ ಮೂರು ಸಲ ಇದ್ದದ್ದು ಈಗ ಆರು ಸಲ ಆಗಿದೆ, ಅಷ್ಟೇ. ಬೆಂಗಳೂರಲ್ಲಿ ಹಾರ್ನ್ ಮುಟ್ಟೋದನ್ನ ಆದಷ್ಟು ಬಿಟ್ಟಿದ್ದೇನೆ. ಸೈಕಲ್‌ನವರು ಮುಂದಿದ್ದರೆ ಆ ಅಂಚೆ ವ್ಯಾನಿನ ಹಾಗೆ ಹಿಂದೆ ಕಾಯ್ತೀನಿ. ನನ್ನ ಹಿಂದಿನವರು ಬೈತಾರೆ, ಬೈಲಿ.

ಊರಿನ ತಿರುವಿನಲ್ಲಿ ಮಾತ್ರ ಜೋರಾಗಿ ಹಾರ್ನ್ ಹೊಡೀತೀನಿ. ಮನೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ. ಅಪ್ಪನಿಗೆ ಮೊಣಕಾಲು ನೋವು, ಒಳಗಿಂದ ಜಗಲಿಗೆ ಬರೋಕೆ ಅಷ್ಟು ಹೊತ್ತು ಬೇಕಾಗುತ್ತೆ.