ಸರ್ವರ್ ಯಂತ್ರವೂ ಹಳೆಯ ವಿದ್ಯಾರ್ಥಿಗಳ ಯಾದಿಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಸ್ಥಾಪಕರ ತ್ಯಾಗವನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ಇರುವುದರಿಂದ, ನಮ್ಮ ಶಾಲೆಯ ಸರ್ವರ್ ಯಂತ್ರದ ಪ್ರಸಂಗವನ್ನು ಆರಿಸಿಕೊಂಡಿದ್ದೇನೆ.

ಆ ಯಂತ್ರವು ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿತ್ತು. ಉಳಿದ ಆರು ಪರದೆಗಳಿಗೆ ತಮ್ಮದೆಂಬ ಡಿಸ್ಕ್ ಇರಲಿಲ್ಲ. ಎಲ್ಲವೂ ಇದೊಂದರ ಆಶ್ರಯದಲ್ಲೇ ನಡೆಯುತ್ತಿದ್ದವು. ಅಕ್ಕಲಕೋಟೆ ಸೀಮೆಯ ಬಿಸಿಲು ಮತ್ತು ಧೂಳನ್ನು ಬಲ್ಲವರಿಗೆ ಅದರ ಪಾಡನ್ನು ವಿವರಿಸಬೇಕಾಗಿಲ್ಲ. ಆ ವರ್ಷಗಳ ಲೋಡ್ ಶೆಡ್ಡಿಂಗ್ ಬೇರೆ. ಯಂತ್ರವು ಪರದೆ ತೋರಿಸದೆ ಬರೀ ಕೂಗತೊಡಗಿದರೆ, ಒಳಗಿನ ಮೆಮೊರಿ ಪಟ್ಟಿಯನ್ನು ಬಿಚ್ಚಿ ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂಡಿಸುವುದನ್ನು ನಾನೂ ಕಲಿತಿದ್ದೆ. ಮಕ್ಕಳ ರಬ್ಬರಿಗೆ ಇಂಥ ಉಪಯೋಗವೂ ಉಂಟೆಂದು ಆಗ ತಿಳಿಯಿತು!

2007ರ ಮೇ ತಿಂಗಳಲ್ಲಿ ರಬ್ಬರಿನಿಂದ ಕೆಲಸವಾಗಲಿಲ್ಲ. ಕರೆಂಟು ಹೋಗಿ ಬಂದ ಮೇಲೆ ವಿಂಡೋಸ್ ಏಳಲೇ ಇಲ್ಲ. ಸೊಲ್ಲಾಪುರದಿಂದ ಬಂದ ತರುಣ ತಂತ್ರಜ್ಞರು ಡಿಸ್ಕಿನ ಮೊದಲ ಭಾಗವನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದರು. ಎರಡನೆಯ ಭಾಗದಲ್ಲಿದ್ದ ನಮ್ಮ ಕಡತಗಳನ್ನು ತೆರೆದಾಗ ಎದೆ ಝಲ್ಲೆಂದಿತು. ಹಳೆಯ ವಿದ್ಯಾರ್ಥಿಗಳ ಯಾದಿಯಲ್ಲಿ ಒಂದೂ ಕನ್ನಡ ಅಕ್ಷರವಿರಲಿಲ್ಲ. ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ಏನೇನೋ ಚಿಹ್ನೆಗಳು. ನಮ್ಮ ಶಿಕ್ಷಕಿಯೊಬ್ಬರು ಎರಡು ಬೇಸಿಗೆ ರಜೆಗಳನ್ನು ವೆಚ್ಚಮಾಡಿ, ಜನರಲ್ ರಜಿಸ್ಟರ್ ನೋಡುತ್ತ ಬೆರಳಚ್ಚು ಮಾಡಿದ ಯಾದಿ ಅದು.

"ಫೈಲೀ ಕರಪ್ಟ್ ಝಾಲ್ಯಾ ಸರ್, ಪೂರ್ಣ ಫಾರ್ಮ್ಯಾಟ್ ಕರತೋ," ಎಂದರು ತರುಣರು. ಅವರದು ತಪ್ಪಲ್ಲ, ಕನ್ನಡದ ಕಡತವನ್ನು ಅವರು ಎಂದೂ ಕಂಡವರಲ್ಲ.

"ಒಂದು ತಾಸು ತಡೆಯಿರಿ" ಎಂದು ಹೇಳಿ ಕಪಾಟಿನಿಂದ ಜನರಲ್ ರಜಿಸ್ಟರನ್ನು ತೆಗೆಸಿದೆ. ಯಾದಿಯಲ್ಲಿ ಅಂಕಿಗಳು ಮಾತ್ರ ಕೆಟ್ಟಿರಲಿಲ್ಲವಾದ್ದರಿಂದ, ಕ್ರಮಾಂಕ ಹಿಡಿದು ಸಾಲಿಗೆ ಸಾಲು ಹೋಲಿಸತೊಡಗಿದೆ. ರಜಿಸ್ಟರಿನಲ್ಲಿ ಕಾಶೀನಾಥ ಎಂದಿದ್ದಲ್ಲಿ ಪರದೆಯ ಮೇಲಿನ ಸಾಲಿನ ನಡುವೆ ಪೌಂಡಿನ ಚಿಹ್ನೆ. ನಾಗಪ್ಪನಲ್ಲಿ ಅದೇ ಪೌಂಡು ಮೊದಲಿಗೆ. ಪರಮೇಶ್ವರನಿಗೂ ಪಾರ್ವತಿಗೂ ಆರಂಭದಲ್ಲಿ ಜಪಾನಿನ ಯೆನ್. 'ನಾ' ಇದ್ದಲ್ಲೆಲ್ಲ ಪೌಂಡು, 'ಪ' ಇದ್ದಲ್ಲೆಲ್ಲ ಯೆನ್! ಕೆಟ್ಟುಹೋದ ಬರಹಕ್ಕೆ ಇಷ್ಟೊಂದು ಶಿಸ್ತು ಎಲ್ಲಿಂದ ಬರಬೇಕು? ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ, ಒಂದೇ ತಪ್ಪು ಎಲ್ಲೆಡೆ ಒಂದೇ ರೀತಿ ಬಂದರೆ ಅದರ ಹಿಂದೆ ಏನೋ ಕಾರಣವಿದೆಯೆಂಬುದು ತಿಳಿಯುತ್ತದೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿ ಇದನ್ನು ಹೇಳಿದೆ. ಅವನು ನಕ್ಕು, "ಏನೂ ಹೋಗಿಲ್ಲರಿ ಸರ್. ನುಡಿ ಹಾಕಿಲ್ಲ, ಅಷ್ಟ," ಎಂದ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ, ಯಂತ್ರದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಫಾಂಟು. ಹೊಸ ವಿಂಡೋಸಿನೊಂದಿಗೆ ಆ ಫಾಂಟು ಬಂದಿರಲಿಲ್ಲ. ಹಳೆಯ ಸಿ.ಡಿ. ಹುಡುಕಿ ನುಡಿಯನ್ನು ಹಾಕಿದೊಡನೆ ಕಾಶೀನಾಥ, ನಾಗಪ್ಪ, ಪಾರ್ವತಿಯರೆಲ್ಲ ಮರಳಿ ಬಂದರು. ಶಿಕ್ಷಕಿಯವರ ಕಣ್ಣಲ್ಲಿ ನೀರಿತ್ತು. ತರುಣರೂ "ಕಮಾಲ್ ಆಹೆ" ಎಂದು ಚಹಾ ಕುಡಿದು, ಆ ಸಿ.ಡಿ.ಯ ಪ್ರತಿಯೊಂದನ್ನು ಕೇಳಿ ಒಯ್ದರು.

ಅಂದಿನಿಂದ ಪ್ರತಿ ಶನಿವಾರ ಕಡತಗಳ ಪ್ರತಿ ತೆಗೆದು ಬೇರೆ ಕೋಣೆಯಲ್ಲಿ ಇಡತೊಡಗಿದೆವು, ನುಡಿಯ ಸಿ.ಡಿ.ಯನ್ನೂ ಅದರೊಂದಿಗೇ. ಈ ಮಹೋತ್ಸವಕ್ಕಾಗಿ ಅದೇ ಯಾದಿಯನ್ನು ಯೂನಿಕೋಡಿಗೆ ಪರಿವರ್ತಿಸಲಾಗಿದೆ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆ ಇರುವುದರಿಂದ ಪೌಂಡು, ಯೆನ್‌ಗಳ ಕಾಟವಿಲ್ಲ. ಆದರೆ ಪರಿವರ್ತನೆಯ ವೇಳೆ ಕೆಲವು ಹೆಸರುಗಳಲ್ಲಿ ಅರ್ಕಾವೊತ್ತು ಸ್ಥಾನ ತಪ್ಪಿತ್ತು. ನಾನೂ ಕುಳಿತು ತಿದ್ದಿದ್ದೇನೆ. ತಮಗೆ ಬಂದ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ತಪ್ಪಿದ್ದರೆ ದಯವಿಟ್ಟು ಕಚೇರಿಗೆ ತಿಳಿಸಬೇಕು. ಜನರಲ್ ರಜಿಸ್ಟರ್ ಇನ್ನೂ ಅದೇ ಕಪಾಟಿನಲ್ಲಿದೆ.