ಕನ್ನಡಕದ ದುಡ್ಡಲ್ಲಿ ಬೆಳೆದ ಜಾಝ್ ಸ್ಟುಡಿಯೋ

ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ಗೆ ಟೂರಿಸ್ಟ್ ಅಂತ ಯಾರೂ ಹೋಗೋದಿಲ್ಲ. ಪ್ರಾಸ್ಪೆಕ್ಟ್ ಅವೆನ್ಯೂ ಅಂದರೆ ಅಲ್ಲಿನ ದೊಡ್ಡ ಆಸ್ಪತ್ರೆ ಇರುವ ರಸ್ತೆ. ಪಾರ್ಕಿಂಗ್ ಹುಡುಕುವ ಕಾರುಗಳು, ಕಾಫಿ ಹಿಡಿದು ಓಡುವ ನರ್ಸ್‌ಗಳು, ಅಷ್ಟೇ. ಒಂದು ಶನಿವಾರ ನಾನು ಅಲ್ಲಿಗೆ ಹೋಗಿದ್ದು 25ನೇ ನಂಬರಿನ ಮನೆಯ ಜಾಗ ನೋಡೋಕೆ. ಮನೆ ಈಗಿಲ್ಲ, ಯಾವತ್ತೋ ಕೆಡವಿದ್ದಾರೆ. ಆದರೆ ಮೈಲ್ಸ್ ಡೇವಿಸ್, ಥೆಲೋನಿಯಸ್ ಮಂಕ್, ಸನ್ನಿ ರೋಲಿನ್ಸ್ ಎಲ್ಲರೂ ಆ ಮನೆಯ ಹಾಲ್‌ನಲ್ಲಿ ನಿಂತು ನುಡಿಸಿದ್ದಾರೆ. ರೋಲಿನ್ಸ್ ಅವರ ‘ಸ್ಯಾಕ್ಸೋಫೋನ್ ಕೊಲಾಸಸ್’ 1956ರ ಜೂನ್‌ನಲ್ಲಿ ರೆಕಾರ್ಡ್ ಆಗಿದ್ದು ಅಲ್ಲೇ. ಮಂಕ್ ಅಂತೂ ತಮ್ಮ ಒಂದು ರಚನೆಗೆ ‘ಹ್ಯಾಕೆನ್‌ಸ್ಯಾಕ್’ ಅಂತಲೇ ಹೆಸರಿಟ್ಟರು.

ಅದು ರೂಡಿ ವ್ಯಾನ್ ಗೆಲ್ಡರ್ ಅವರ ಅಪ್ಪ ಅಮ್ಮನ ಮನೆ. ಕಟ್ಟಿಸುವಾಗಲೇ ಮಗನಿಗೋಸ್ಕರ ಹಾಲ್ ಪಕ್ಕ ಒಂದು ಕಂಟ್ರೋಲ್ ರೂಮ್ ಮಾಡಿ, ಮಧ್ಯೆ ಗಾಜಿನ ಕಿಟಕಿ ಹಾಕಿಸಿದ್ದರು. ಮಗ ಓದಿದ್ದು ಆಪ್ಟೊಮೆಟ್ರಿ. ಹಗಲು ಪಕ್ಕದ ಊರು ಟೀನೆಕ್‌ನಲ್ಲಿ ಜನರ ಕಣ್ಣು ಟೆಸ್ಟ್ ಮಾಡಿ ಕನ್ನಡಕದ ನಂಬರ್ ಬರೆದು ಕೊಡೋದು, ಬಿಡುವಾದಾಗ ರೆಕಾರ್ಡಿಂಗ್. 1953ರಿಂದ ಬ್ಲೂ ನೋಟ್ ಕಂಪನಿಯ ಆಲ್ಫ್ರೆಡ್ ಲಯನ್ ಬರತೊಡಗಿದರು. ಆಮೇಲೂ ಡೇ ಜಾಬ್ ಬಿಡಲಿಲ್ಲ. ಕಣ್ಣಿನ ಕೆಲಸದ ಸಂಪಾದನೆ ಮೈಕು, ಟೇಪ್ ರೆಕಾರ್ಡರ್ ಅಂತ ಖರ್ಚಾಗುತ್ತಿತ್ತು. ಪೂರ್ತಿ ಸ್ಟುಡಿಯೋಗೆ ಬಂದಿದ್ದು 1959ರಲ್ಲಿ, ಆಗ ಅವರಿಗೆ ಹತ್ತತ್ತಿರ 35. ಅಷ್ಟರಲ್ಲಿ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’, ಆರ್ಟ್ ಬ್ಲೇಕಿ ಅವರ ‘ಮೋನಿನ್’ ಎರಡೂ ಮುಗಿದಿದ್ದವು! ‘ಪ್ಯಾಶನ್ ಫಾಲೋ ಮಾಡಿ, ರಿಸೈನ್ ಮಾಡಿ’ ಅಂತ ರೀಲ್ಸ್‌ನಲ್ಲಿ ಹೇಳುವವರಿಗೆ ಈ ಮನುಷ್ಯನ ಕಥೆ ಹಿಡಿಸಲಿಕ್ಕಿಲ್ಲ.

ಹ್ಯಾಕೆನ್‌ಸ್ಯಾಕ್‌ನಿಂದ ಪೂರ್ವಕ್ಕೆ ಇಪ್ಪತ್ತು ನಿಮಿಷ ಕಾರ್ ಓಡಿಸಿದರೆ ಇಂಗಲ್‌ವುಡ್ ಕ್ಲಿಫ್ಸ್. ಜಾರ್ಜ್ ವಾಷಿಂಗ್ಟನ್ ಬ್ರಿಡ್ಜ್ ಹತ್ತಿರದ ಊರು, ಆಚೆ ದಡದಲ್ಲಿ ಮ್ಯಾನ್‌ಹಟನ್. ಸಿಲ್ವನ್ ಅವೆನ್ಯೂ ಉದ್ದಕ್ಕೂ ಆಫೀಸ್ ಕಟ್ಟಡಗಳು. ಅವುಗಳ ನಡುವೆ 445ನೇ ನಂಬರು, ಮರಗಳ ಹಿಂದೆ, ಹುಡುಕಿದರಷ್ಟೇ ಕಾಣುತ್ತದೆ. ಇದು ಟಿಕೆಟ್ ತಗೊಂಡು ಒಳಗೆ ಹೋಗುವ ಮ್ಯೂಸಿಯಂ ಅಲ್ಲ, ಹಾಗಾಗಿ ನಾನೂ ರಸ್ತೆಯಿಂದಲೇ ನೋಡಿದೆ. ಒಳಗಿನದು ಫೋಟೋಗಳಲ್ಲಿ ನೋಡಿದ್ದು: ಇಟ್ಟಿಗೆ ಗೋಡೆ, ಮೇಲೆ ಬಾಗಿದ ಮರದ ತೊಲೆಗಳು, 39 ಅಡಿ ಎತ್ತರದ ಸೀಡರ್ ಮರದ ಚಾವಣಿ. ಫ್ರಾಂಕ್ ಲಾಯ್ಡ್ ರೈಟ್ ಶೈಲಿಯನ್ನು ಅನುಸರಿಸಿ ಡೇವಿಡ್ ಹೆಂಕನ್ ಮಾಡಿದ ಡಿಸೈನ್. ಚರ್ಚ್ ಇದ್ದ ಹಾಗಿದೆ ಅಂತ ಬಹಳ ಜನ ಬರೆದಿದ್ದಾರೆ, ಫೋಟೋ ನೋಡಿದರೆ ನಿಮಗೂ ಹಾಗೇ ಅನಿಸುತ್ತೆ.

ಇವತ್ತು ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿದು, ಮಿಕ್ಸಿಂಗ್ ಆಮೇಲೆ ನಿಧಾನಕ್ಕೆ ಮಾಡ್ತಾರೆ. ಆಗಿನ ಜಾಝ್ ರೆಕಾರ್ಡಿಂಗ್ ಹಾಗಲ್ಲ. ಎಲ್ಲರೂ ಒಂದೇ ರೂಮಿನಲ್ಲಿ ಒಟ್ಟಿಗೆ ನುಡಿಸುತ್ತಿದ್ದರು. ಮೊದಲು ಮಾನೊ, ಆಮೇಲೆ ಎರಡು ಟ್ರ್ಯಾಕಿನ ಸ್ಟೀರಿಯೊ, ನೇರ ಟೇಪಿಗೆ. ಮಿಕ್ಸಿಂಗ್ ಅನ್ನೋದು ನುಡಿಸುತ್ತಿರುವಾಗಲೇ ಆಗಬೇಕು. ಸ್ಯಾಕ್ಸ್ ಸೋಲೋ ಮುಗಿದು ಪಿಯಾನೊ ಬಂದ ಕ್ಷಣ ಕೈ ಆ ನಾಬ್ ಮೇಲಿರಬೇಕು. ಟೇಪು ಕತ್ತರಿಸಿ ಅಂಟಿಸಬಹುದು ನಿಜ, ಆದರೆ ‘ಡ್ರಮ್ಸ್ ಜಾಸ್ತಿಯಾಯ್ತು, ಸ್ವಲ್ಪ ಇಳಿಸಿ’ ಅಂದರೆ ಇಡೀ ಟೇಕ್ ಮತ್ತೆ ನುಡಿಸಬೇಕು. ನಮ್ಮ ಆಫೀಸಲ್ಲಿ ಒಂದು ಸಣ್ಣ ರಿಲೀಸ್‌ಗೂ ರೋಲ್‌ಬ್ಯಾಕ್ ಪ್ಲಾನ್ ಕೇಳ್ತಾರೆ. ವ್ಯಾನ್ ಗೆಲ್ಡರ್ ದಶಕಗಟ್ಟಲೆ ರೋಲ್‌ಬ್ಯಾಕ್ ಇಲ್ಲದೆ ಕೆಲಸ ಮಾಡಿದರು.

ಹಾಗಾಗಿ ಅರ್ಧ ಕೆಲಸ ಟೇಪ್ ತಿರುಗುವ ಮೊದಲೇ ಮುಗಿದಿರಬೇಕಿತ್ತು. ಜರ್ಮನಿಯ ನಾಯ್ಮನ್ ಯು-47 ಮೈಕುಗಳನ್ನು ವಾದ್ಯಕ್ಕೆ ಬಹಳ ಹತ್ತಿರ ಇಡುತ್ತಿದ್ದರು. ಸ್ಯಾಕ್ಸ್ ಊದುವವರು ನಮ್ಮ ಎದುರೇ ಕೂತಿದ್ದಾರೆ ಅನಿಸೋದು ಅದಕ್ಕೇ. ಮೈಕು ಮುಟ್ಟುವಾಗ ಕೈಗೆ ಗ್ಲೌಸ್. ಬೇರೆ ಯಾರೂ ಮುಟ್ಟುವಂತಿಲ್ಲ, ಸ್ಟುಡಿಯೋದಲ್ಲಿ ತಿಂಡಿ ತೀರ್ಥ ಇಲ್ಲ. ಮಡಿ ಮಾಡುವ ಅಜ್ಜಿಯ ಅಡುಗೆಮನೆ ನೆನಪಾಗುತ್ತೆ ನನಗೆ. ಟೇಪಿನಿಂದ ಎಲ್‌ಪಿ ಕತ್ತರಿಸುವ ಕೆಲಸವನ್ನೂ ಹೆಚ್ಚಾಗಿ ತಾವೇ ಮಾಡುತ್ತಿದ್ದರು. ಹಳೇ ಬ್ಲೂ ನೋಟ್ ಡಿಸ್ಕ್‌ನ ಲೇಬಲ್ ಸುತ್ತ ಖಾಲಿ ಇರುವ ಜಾಗದಲ್ಲಿ ‘ಆರ್‌ವಿಜಿ’ ಅನ್ನುವ ಮೂರು ಅಕ್ಷರ ಇದೆಯಾ ಅಂತ ಇವತ್ತಿಗೂ ಕಲೆಕ್ಟರ್‌ಗಳು ಬೆಳಕಿಗೆ ಹಿಡಿದು ನೋಡ್ತಾರೆ. ಇದ್ದರೆ ರೇಟು ಬೇರೆ.

ಎಲ್ಲರೂ ಒಪ್ಪಿದ್ದರು ಅಂತಲ್ಲ. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಇವರ ಹತ್ತಿರ ರೆಕಾರ್ಡ್ ಮಾಡಿಸಲು ಒಪ್ಪಲಿಲ್ಲ. ಕಲಾವಿದರ ಟೋನನ್ನೇ ಈತ ಬದಲಾಯಿಸುತ್ತಾರೆ ಅನ್ನೋದು ಅವರ ದೂರು. ಪಿಯಾನೊ ಡಬ್ಬದೊಳಗಿನಿಂದ ಬಂದ ಹಾಗೆ ಕೇಳುತ್ತದೆ ಅಂತ ಇನ್ನೂ ಹಲವರು ಹೇಳ್ತಾರೆ. ಪಿಯಾನೊ ವಿಷಯದಲ್ಲಿ ನನ್ನ ಓಟೂ ಅವರಿಗೇ. ಮಿಂಗಸ್ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇದೆ. ನಾವು ಕೋಲ್ಟ್ರೇನ್ ಸ್ವರ ಅಂತ ಮನಸ್ಸಲ್ಲಿ ಇಟ್ಟುಕೊಂಡಿರುವುದು ಕೋಲ್ಟ್ರೇನ್‌ರದ್ದು ಎಷ್ಟು, ಈ ರೂಮಿನದು ಎಷ್ಟು, ಗಾಜಿನ ಹಿಂದೆ ಕೂತವರದ್ದು ಎಷ್ಟು?

ಮೈಕು ಎಲ್ಲಿ, ಯಾವ ಕೋನದಲ್ಲಿ ಅನ್ನೋದನ್ನು ಅವರು ಹೊರಗಿನವರಿಗೆ ಬಾಯಿ ಬಿಡುತ್ತಿರಲಿಲ್ಲ. ಇದು ನನಗೆ ಹಿಡಿಸದ ವಿಷಯ. ನಮ್ಮ ಫೀಲ್ಡ್‌ನಲ್ಲಿ ಡಾಕ್ಯುಮೆಂಟ್ ಮಾಡದೆ ಹೋದವರನ್ನು ಬೈಕೊಂಡೇ ಕೆಲಸ ಮಾಡ್ತೀವಿ. 2016ರ ಆಗಸ್ಟ್‌ನಲ್ಲಿ, 91ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 2022ರಲ್ಲಿ ಸ್ಟುಡಿಯೋ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಕಟ್ಟಡವನ್ನು ಪಟ್ಟಿಗೆ ಸೇರಿಸಬಹುದು, ನಾಬ್ ಮೇಲಿನ ಕೈಯನ್ನು ಹೇಗೆ ಸೇರಿಸ್ತೀರಿ?

ವಾಪಸ್ ಹೊರಡುವ ಮುಂಚೆ ಕಾರಲ್ಲೇ ಕೂತು ‘ಎ ಲವ್ ಸುಪ್ರೀಂ’ ಹಾಕಿದೆ. 1964ರ ಡಿಸೆಂಬರ್ 9, ನಾಲ್ಕು ಜನ, ಒಂದೇ ಸಂಜೆ, ಎದುರಿನ ಮರಗಳ ಹಿಂದಿನ ಅದೇ ರೂಮು. ಮೊದಲು ಗಾಂಗ್ ಕೇಳುತ್ತೆ, ಅದರ ಮೇಲೆ ಸ್ಯಾಕ್ಸ್, ಸ್ವಲ್ಪ ಹೊತ್ತಿಗೆ ಬೇಸ್‌ನ ನಾಲ್ಕು ಸ್ವರ. ಈ ಸಲ ಗಾಂಗ್‌ನ ನಾದ ಪೂರ್ತಿ ಕರಗುವವರೆಗೆ ಗಮನ ಇಟ್ಟು ಕೇಳಿದೆ. ಅದು ಹೋಗಿ ಮುಟ್ಟಿದ್ದು 39 ಅಡಿ ಮೇಲಿನ ಆ ಚಾವಣಿಗೆ ತಾನೇ.